ಚಿನ್ನದ ದೇವಸ್ಥಾನದ ಆಚೆಗೆ

ಬೇಸಿಗೆ ರಜೆಯಲ್ಲಿ ಹ್ಯಾರೋದಿಂದ ಮೈಸೂರಿಗೆ ಹೋಗುವ ನಮ್ಮ ಕುಟುಂಬಗಳಲ್ಲಿ ಹಲವರು ಮಡಿಕೇರಿಯ ದಾರಿಯಲ್ಲಿ ಬೈಲುಕುಪ್ಪೆಯಲ್ಲಿ ಇಳಿಯುತ್ತಾರೆ. ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧನ ಮುಂದೆ ಫೋಟೋ, ಒಂದು ತಟ್ಟೆ ಮೊಮೊ, ಅಲ್ಲಿಗೆ ಮುಗಿಯಿತು. ಈ ಜನ ಇಲ್ಲಿಗೆ ಹೇಗೆ ಬಂದರು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಅವರ ಹಿಂದೆಯೇ ಬಂದರು. ಅವರಲ್ಲಿ ರೈತರಿದ್ದರು, ವ್ಯಾಪಾರಿಗಳಿದ್ದರು, ಯಾಕ್ ಮತ್ತು ಕುರಿ ಮೇಯಿಸಿಕೊಂಡು ಗುಡಾರದಲ್ಲೇ ಬದುಕಿದ್ದವರೂ ಇದ್ದರು. ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1966ರಲ್ಲಿ ಮುಂಡಗೋಡಿನಲ್ಲೂ ನೆಲೆ ಸಿಕ್ಕಿತು. ಕೊಟ್ಟದ್ದು ದೊಡ್ಡ ಮನಸ್ಸೇ. ಆದರೆ ಅದು ಕಾಡು. ಸೆಖೆ, ಕಾಯಿಲೆ, ಬೆಳೆಗೆ ನುಗ್ಗುವ ಆನೆ. ಉಣ್ಣೆ ಬೆಣ್ಣೆ ಬಲ್ಲ ಕೈಗಳು ಮುಸುಕಿನ ಜೋಳ ಬಿತ್ತಲು ಕಲಿಯಬೇಕಾಯಿತು.

ಮಳೆ ನಂಬಿದ ಒಂದು ಬೆಳೆಯಿಂದ ಸಂಸಾರ ಸಾಗಲಿಲ್ಲ. ಹಾಗಾಗಿಯೇ ಚಳಿಗಾಲ ಬಂತೆಂದರೆ ನಮ್ಮೂರುಗಳ ಬೀದಿಯಲ್ಲಿ ಸ್ವೆಟರ್ ಅಂಗಡಿ. ಕುರಿ ಕಳೆದುಕೊಂಡವರ ಮೊಮ್ಮಕ್ಕಳು ಲೂಧಿಯಾನದ ಕಾರ್ಖಾನೆಯ ಸ್ವೆಟರ್ ತಂದು ಮಾರುತ್ತಾರೆ. ಅದಕ್ಕೂ ನಾವು ಚೌಕಾಸಿ ಮಾಡುತ್ತೇವೆ! ಹಿಂಡು ಬಿಟ್ಟು ಬಂದವರ ಪಾಡು ಲಡಾಖಿನಲ್ಲೂ ಇದೆ: ಚಾಂಗ್‌ಥಾಂಗ್‌ನಲ್ಲಿ ಪಶ್ಮಿನಾ ಮೇಕೆ ಸಾಕುತ್ತಿದ್ದ ಎಷ್ಟೋ ಬೌದ್ಧ ಕುಟುಂಬಗಳು ಲೇಹ್ ಪಟ್ಟಣದ ಅಂಚಿಗೆ ಬಂದು ಕೂಲಿ ಹುಡುಕಿಕೊಂಡಿವೆ.

“ಅವರಿಗೇನು ಕಡಿಮೆ, ಗುಡಿಗೆ ಚಿನ್ನ ಹಚ್ಚಿದ್ದಾರಲ್ಲ” ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಠಕ್ಕೆ ಬರುವ ಕಾಣಿಕೆ ಬೇರೆ, ಮನೆಯ ಒಲೆ ಬೇರೆ. ಉಳುವ ಜಮೀನು ಅವರದಲ್ಲ. 2014ರ ಕೇಂದ್ರ ಸರ್ಕಾರದ ನೀತಿಯಲ್ಲೂ ಇರುವುದು ಗುತ್ತಿಗೆಯ ಮಾತೇ. ಓದಿದ ಯುವಕರು ಕೆಲಸ ಹುಡುಕಿ ಅಮೆರಿಕ, ಕೆನಡಾ ಎಂದು ಹೊರಟಿದ್ದಾರೆ. ಹೊಲದಲ್ಲಿ ಅಜ್ಜ ಅಜ್ಜಿಯರು.

ಪೋಷಕರು ಇದನ್ನೊಂದು ಯೋಚಿಸಬೇಕು. ಇಲ್ಲಿ ಹುಟ್ಟಿ ಬ್ರಿಟಿಷ್ ಪಾಸ್‌ಪೋರ್ಟ್ ಪಡೆದ ನಮ್ಮ ಮಕ್ಕಳಿಗೆ ಒಸಿಐ ಕಾರ್ಡ್ ಸಿಗುತ್ತದೆ. ವೀಸಾ ಇಲ್ಲದೆ ಭಾರತಕ್ಕೆ ಹೋಗಿ ಬರಬಹುದು. 1987ರ ಜುಲೈ 1ರಿಂದ ಈಚೆಗೆ ಬೈಲುಕುಪ್ಪೆಯಲ್ಲೇ ಹುಟ್ಟಿದ ಮಗುವಿಗೆ, ತಂದೆ ತಾಯಿಯರಲ್ಲಿ ಒಬ್ಬರೂ ಭಾರತೀಯ ಪ್ರಜೆಯಲ್ಲದಿದ್ದರೆ, ಹುಟ್ಟಿನಿಂದ ಪೌರತ್ವವಿಲ್ಲ. ಬೆಳೆದ ಮೇಲೆ ವಿದೇಶಿಯೆಂದು ನೋಂದಾಯಿಸಿಕೊಂಡು ಆ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು.

ಮುಂದಿನ ಸಲ ಹೋದಾಗ ಅಲ್ಲಿನ ಅಂಗಡಿಯವರ ಹತ್ತಿರ ಎರಡು ಮಾತಾಡಿ. ಕನ್ನಡದಲ್ಲೇ ಆಡಬಹುದು, ಎಷ್ಟೋ ಜನರಿಗೆ ನಮ್ಮ ಹ್ಯಾರೋದ ಮಕ್ಕಳಿಗಿಂತ ಚೆನ್ನಾಗಿ ಬರುತ್ತದೆ.