ಕಾಮರ್ಸ್‌ನವರಿಗೂ ಲಾಜಿಕ್ ಗೇಟ್ ಕಲಿಸಿ

ಹೊಸಪೇಟೆಯಲ್ಲಿ ಗೇಟ್ ಎಂದರೆ ಎಲ್ಲರಿಗೂ ನೆನಪಾಗುವುದು ಡ್ಯಾಮಿನ ಗೇಟ್. ನಾನು ಬರೆಯಹೊರಟಿರುವುದು ಬೇರೆ ಗೇಟಿನ ಬಗ್ಗೆ. ಕಂಪ್ಯೂಟರ್ ತೆಗೆದುಕೊಂಡ ಗೆಳೆಯರಿಗೆ ಅದು ಗೊತ್ತು, ನಮ್ಮಂಥ ಕಾಮರ್ಸ್‌ನವರಿಗೆ ಯಾರೂ ಹೇಳಿಕೊಡುವುದಿಲ್ಲ. ನಾನು ಕಲಿತದ್ದು ಸಂಡೂರಿನ ಮಾಮೂ ಮನೆಯಲ್ಲಿ, ಒಂದು ವಿಡಿಯೋ ಗೇಮ್‌ನಿಂದ.

ಆಟದ ಹೆಸರು ಸ್ಕ್ರ್ಯಾಪ್ ಮೆಕ್ಯಾನಿಕ್. ಸ್ವೀಡನ್ನಿನ ಆಕ್ಸೊಲಾಟ್ ಗೇಮ್ಸ್‌ನವರು 2016ರಲ್ಲಿ ತಂದದ್ದು. ಬ್ಲಾಕ್, ಚಕ್ರ, ಬೇರಿಂಗ್, ಎಂಜಿನ್ ಜೋಡಿಸಿ ನಮ್ಮ ಗಾಡಿಯನ್ನು ನಾವೇ ಕಟ್ಟಬೇಕು. ಮಾಮೂ ಮಗ ಮೊದಲು ಕಟ್ಟಿದ್ದು ಹಂಪಿಯ ಕಲ್ಲಿನ ರಥ, ಅದಕ್ಕೊಂದು ಎಂಜಿನ್ ಇಟ್ಟು! ಗಾಡಿ ಓಡಿದರೆ ಮುಗಿಯಲಿಲ್ಲ. ಯಾವಾಗ ಏನು ಮಾಡಬೇಕೆಂದು ಅದಕ್ಕೆ ಹೇಳಿಕೊಡಬಹುದು. ಅದಕ್ಕಾಗಿ ಇರುವುದೇ ಲಾಜಿಕ್ ಗೇಟ್. ಬಂದ ಸಿಗ್ನಲ್ ಎಲ್ಲವೂ ಆನ್ ಇದ್ದರೆ ಮಾತ್ರ ಆನ್ ಆಗುವುದು ಆ್ಯಂಡ್ ಗೇಟ್. ಒಂದಾದರೂ ಆನ್ ಇದ್ದರೆ ಸಾಕು ಎನ್ನುವುದು ಆರ್ ಗೇಟ್. ಎಕ್ಸ್‌ಆರ್ ಎಂಬುದೂ ಇದೆ: ಮೆಟ್ಟಿಲಿನ ಕೆಳಗೊಂದು, ಮೇಲೊಂದು ಸ್ವಿಚ್ ಇಟ್ಟು ಒಂದೇ ದೀಪ ಹಚ್ಚುತ್ತೇವಲ್ಲ, ಹಾಗೆ. ಈ ಮೂರರ ಉಲ್ಟಾ ಮೂರು, ಒಟ್ಟು ಆರು.

ಮೊದಲ ದಿನವೇ ನನಗೆ ಗೊಂದಲ. ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ‘ಔರ್’ ಎಂದರೆ ‘ಮತ್ತು’. ಇಲ್ಲಿ ‘ಆರ್’ ಎಂದರೆ ‘ಅಥವಾ’. ನಾನು ಕಟ್ಟುತ್ತಿದ್ದದ್ದು ಟಿಪ್ಪರ್. (ಸಂಡೂರಿನಲ್ಲಿ ಕುಳಿತು ಇನ್ನೇನು ಕಟ್ಟುವುದು? ಕಿಟಕಿ ತೆರೆದರೆ ಅದಿರಿನ ಗಾಡಿಗಳೇ.) ಗುಂಡಿ ಒತ್ತಿರಬೇಕು, ಹಿಂದೆ ಯಾರೂ ಇರಬಾರದು, ಎರಡೂ ಸರಿ ಇದ್ದರೆ ಮಾತ್ರ ತೊಟ್ಟಿ ಮೇಲೇಳಬೇಕು. ಹಿಂದೆ ಸೆನ್ಸರ್ ಇಟ್ಟೆ. ಸೆನ್ಸರ್ ಏನಾದರೂ ಕಂಡಾಗ ಆನ್ ಆಗುತ್ತದೆ. ನನಗೆ ಬೇಕಾದದ್ದು ಏನೂ ಕಾಣದಿದ್ದಾಗ ಆನ್ ಆಗುವುದು. ಅದಕ್ಕೆ ಸೆನ್ಸರನ್ನು ಒಂದು ನಾರ್ ಗೇಟಿಗೆ ಜೋಡಿಸಿ ಉಲ್ಟಾ ಮಾಡಿದೆ. ಕೊನೆಗೆ ಅದನ್ನೂ ಗುಂಡಿಯನ್ನೂ ಆ್ಯಂಡ್ ಗೇಟಿಗೆ ಕೊಡುವ ಬದಲು ಆರ್ ಗೇಟಿಗೆ ಕೊಟ್ಟೆ. ಹಿಂದೆ ಯಾರೂ ಇರಲಿಲ್ಲ. ಗುಂಡಿ ಮುಟ್ಟುವ ಮೊದಲೇ, ಗಾಡಿ ಓಡುತ್ತಿರುವಾಗಲೇ ತೊಟ್ಟಿ ಮೇಲೆದ್ದು ಸರಕೆಲ್ಲ ರಸ್ತೆಗೆ ಬಿತ್ತು. ಮಾಮೂ ಮಗ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ದಾದಿಯ ಬ್ಯಾಂಕ್ ಫಾರ್ಮ್ ನೆನಪಾಯಿತು.

ದಾದಾ ತೀರಿಹೋದ ಮೇಲೆ ಕಂಪ್ಲಿಯಲ್ಲಿ ದಾದಿ ಮತ್ತು ಅಬ್ಬಾ ಹೆಸರಲ್ಲಿ ಒಂದು ಖಾತೆ ತೆರೆದೆವು. ಭತ್ತ ಮಾರಿದ ದುಡ್ಡು ಅದರಲ್ಲಿ ಇರುತ್ತಿತ್ತು. ಆಗ ನಾನು ಹೈಸ್ಕೂಲು. ಮನೆಯಲ್ಲಿ ಇಂಗ್ಲಿಷ್ ಓದುವವನು ನಾನೇ ಎಂದು ಫಾರ್ಮ್ ತುಂಬಿದ್ದೂ ನಾನೇ. ‘ಜಾಯಿಂಟ್ಲಿ’ ಎಂಬಲ್ಲಿ ಟಿಕ್ ಹಾಕಿದೆ. ಇಬ್ಬರ ಹೆಸರಲ್ಲಿ ಖಾತೆ, ಅಷ್ಟೇ ಎಂದುಕೊಂಡಿದ್ದೆ. ಪಕ್ಕದಲ್ಲೇ ‘ಐದರ್ ಆರ್ ಸರ್ವೈವರ್’ ಇತ್ತು. ಕಳೆದ ವರ್ಷ ದಾದಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅಬ್ಬಾ ಲಾರಿ ತೆಗೆದುಕೊಂಡು ಚೆನ್ನೈ ಕಡೆ ಹೋಗಿದ್ದರು. ದಾದಿ ಮಲಗಿದಲ್ಲೇ ಉರ್ದುವಿನಲ್ಲಿ ಸಹಿ ಮಾಡಿಕೊಟ್ಟ ಚೆಕ್ ಹಿಡಿದು ಹೋದೆ. ‘ಇನ್ನೊಂದು ಸಹಿ ಎಲ್ಲಪ್ಪ?’ ಎಂದು ಕೌಂಟರಿನವರು ವಾಪಸ್ ಕೊಟ್ಟರು. ಅವರದೇನೂ ತಪ್ಪಿಲ್ಲ. ಅಮ್ಮಿ ಬಳೆ ಗಿರವಿ ಇಟ್ಟರು. ಆ ಟಿಕ್ ಹಾಕಿದ್ದು ನಾನು ಎಂದು ಅಮ್ಮಿಗೆ ಈವರೆಗೂ ಹೇಳಿಲ್ಲ. ಈ ಪತ್ರಿಕೆ ಮನೆಗೆ ಹೋದರೆ ಗೊತ್ತಾಗುತ್ತದೆ, ಇರಲಿ.

ಜಾಯಿಂಟ್ಲಿ ಎಂದರೆ ಆ್ಯಂಡ್ ಗೇಟ್. ಐದರ್ ಆರ್ ಸರ್ವೈವರ್ ಎಂದರೆ ಆರ್ ಗೇಟ್. ಇದನ್ನು ಬೋರ್ಡಿನ ಮೇಲೆ ನಾಲ್ಕು ಸಾಲಿನ ಪಟ್ಟಿ ಬರೆದು ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು. ನಾವು ಪಾಲುದಾರಿಕೆ ಒಪ್ಪಂದ ಓದುತ್ತೇವೆ, ಚೆಕ್ ಓದುತ್ತೇವೆ. ಎಲ್ಲದರಲ್ಲೂ ‘ಮತ್ತು’, ‘ಅಥವಾ’, ‘ಹೊರತು’ ಎಂಬ ಮೂರು ಪದಗಳ ಮೇಲೆಯೇ ದುಡ್ಡು ನಿಂತಿರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ, ಒಂದು ಷರತ್ತು ತಪ್ಪಿದರೆ ಏನಾಗುತ್ತದೆ ಎಂದು ಮಾಡಿ ನೋಡುವುದಿಲ್ಲ. ಆಟದಲ್ಲಿ ತಪ್ಪಿದರೆ ತೊಟ್ಟಿ ಬೀಳುತ್ತದೆ, ಮತ್ತೆ ಕಟ್ಟಬಹುದು.

ಆಟ ಎಲ್ಲವನ್ನೂ ಕಲಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಬೇರಿಂಗ್‌ಗೆ ತುಕ್ಕು ಹಿಡಿಯುವುದಿಲ್ಲ. ನಮ್ಮೂರ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು ಕೊಚ್ಚಿಹೋಯಿತು. ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸುವಷ್ಟರಲ್ಲಿ ಒಂದು ವಾರ. ಎರಡನೇ ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಎಂದು ಕಂಪ್ಲಿಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ‘ಮುಚ್ಚು’ ಎಂಬ ಆಜ್ಞೆ ಎಷ್ಟು ಸರಿಯಿದ್ದರೂ ಚೈನ್ ಗಟ್ಟಿ ಇರಬೇಕು. ಆಮೇಲೆ ನನ್ನ ಟಿಪ್ಪರಿಗೂ ಇನ್ನೊಂದು ಸೆನ್ಸರ್ ಹಾಕಿದೆ: ತೊಟ್ಟಿ ನಿಜವಾಗಿಯೂ ಕೆಳಗೆ ಕೂತಿದೆಯೇ ಎಂದು ನೋಡಲು. ಅಕೌಂಟೆನ್ಸಿಯಲ್ಲಿ ಬ್ಯಾಂಕ್ ಸಮನ್ವಯ ಪಟ್ಟಿ ಮಾಡುವುದು ಇದೇ ಕೆಲಸ ಎಂದು ಅವತ್ತು ಹೊಳೆಯಿತು. ನಮ್ಮ ಕ್ಯಾಶ್ ಬುಕ್ ಹೇಳಿದ್ದು ಪಾಸ್‌ಬುಕ್ಕಿನಲ್ಲಿ ನಿಜವಾಗಿ ನಡೆದಿದೆಯೇ? ಫಸ್ಟ್ ಪಿಯುನಲ್ಲಿ ಆ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು, ಯಾಕೆ ಮಾಡುತ್ತೇವೆ ಎಂದು ಮಾತ್ರ ಗೊತ್ತಿರಲಿಲ್ಲ.

‘ಕಾಮರ್ಸ್‌ನೋರಿಗೆ ಲ್ಯಾಬ್ ಯಾಕಪ್ಪ, ಗೇಮ್ ಆಡೋಕಾ?’ ಎಂದು ಒಬ್ಬ ಸರ್ ಕೇಳಿದ್ದುಂಟು. ಅವರ ಭಯ ಸುಳ್ಳಲ್ಲ. ಟಿಪ್ಪರ್ ಕಟ್ಟಿದ ವಾರ ನನ್ನ ಸ್ಟ್ಯಾಟಿಸ್ಟಿಕ್ಸ್ ಟೆಸ್ಟ್ ಹಾಳಾಯಿತು. ನಾನು ಕೇಳುತ್ತಿರುವುದು ಆಟವನ್ನಲ್ಲ, ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಅದು ಓಡುವುದೂ ಅನುಮಾನ. ಎಕ್ಸೆಲ್‌ನಲ್ಲಿ ಇಫ್, ಆ್ಯಂಡ್, ಆರ್, ನಾಟ್ ಎಲ್ಲವೂ ಇವೆ. ಕಂಪ್ಯೂಟರ್ ವಿಷಯ ತೆಗೆದುಕೊಳ್ಳದ ಕಾಮರ್ಸ್ ವಿದ್ಯಾರ್ಥಿಗಳಿಗೂ ವಾರಕ್ಕೆ ಒಂದು ಪಿರಿಯಡ್ ಲ್ಯಾಬ್ ಕೊಡಿ. ಶನಿವಾರ ಕೊನೆಯ ಪಿರಿಯಡ್ ಅದು ಖಾಲಿಯೇ ಇರುತ್ತದೆ, ನಾನು ಮೂರು ವಾರ ಹೋಗಿ ನೋಡಿದ್ದೇನೆ. ಮೊದಲ ಪಾಠಕ್ಕೆ ದಾದಿಯ ಫಾರ್ಮಿನ ಜೆರಾಕ್ಸ್ ನಾನೇ ತರುತ್ತೇನೆ.