ಕಂಬದ ಹಿಂದಿನ ಸುಳಿ

ಕಳಲೆಯ ದಳವಾಯಿ ಮನೆತನದ ದೇವರಾಜ 1735ರಲ್ಲಿ ನಂಜನಗೂಡಿನ ಬಳಿ ಕಪಿಲೆಗೆ ಕಟ್ಟಿಸಿದ ಸೇತುವೆ ಇಂದಿಗೂ ನಿಂತಿದೆ. ಹೊಳೆ ತುಂಬಿದಾಗ ಅದರ ಕಲ್ಲುಕಂಬಗಳ ಕೆಳಮಗ್ಗುಲನ್ನು ಗಮನಿಸಿ. ಪ್ರತಿ ಕಂಬದ ಹಿಂದೆಯೂ ನೀರು ಸುಳಿ ಸುತ್ತುತ್ತ, ತಡವರಿಸುತ್ತ ಸಾಗುತ್ತದೆ. ಹರಿವಿನ ಶಕ್ತಿಯ ಒಂದು ಪಾಲು ಅಲ್ಲೇ ಕದಡಿ, ಕೊನೆಗೆ ಶಾಖವಾಗಿ ಕರಗಿಹೋಗುತ್ತದೆ.

ವಿಮಾನದ ಗ್ಯಾಸ್ ಟರ್ಬೈನ್ ಎಂಜಿನ್ನಿನೊಳಗೆ ನಡೆಯುವುದೂ ಇದೇ. ನೀರಿನ ಬದಲು ಬಿಸಿ ಅನಿಲ, ಕಂಬಗಳ ಬದಲು ಅಲಗುಗಳ ಸಾಲು. ಆದರೆ ಇಲ್ಲಿ ನಿಂತ ಅಲಗುಗಳ ಬೆನ್ನಿಗೇ ತಿರುಗುವ ಅಲಗುಗಳ ಚಕ್ರವಿದೆ. ಅದು ಸುಳಿಗಳನ್ನು ತುಂಡರಿಸುತ್ತ ಓಡುತ್ತದೆ. 60 ಅಲಗುಗಳ ಚಕ್ರ ನಿಮಿಷಕ್ಕೆ 12,000 ಸುತ್ತು ತಿರುಗಿದರೆ, ಒಂದು ಜಾಗವನ್ನು ಸೆಕೆಂಡಿಗೆ ಎಷ್ಟು ಅಲಗುಗಳು ದಾಟುತ್ತವೆ? ಲೆಕ್ಕ ಹಾಕಿ ನೋಡಿ: ಅದೂ 12,000.

ಈ ನಷ್ಟ ಸಣ್ಣದಲ್ಲ. ಪೋಲಾದ ಶಕ್ತಿಗೆ ಎಂಜಿನ್ನು ಇಂಧನದಲ್ಲೋ ನೂಕುಬಲದಲ್ಲೋ ದಂಡ ತೆರಬೇಕು. ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಸೇರುವ ಕಾವೇರಿಯ ಹೆಸರನ್ನೇ ಹೊತ್ತ ಯುದ್ಧವಿಮಾನದ ಎಂಜಿನ್ ಯೋಜನೆಗೆ 1989ರಲ್ಲಿ ಮಂಜೂರಾತಿ ದೊರೆಯಿತು. ಬೆಂಗಳೂರಿನ ಜಿ.ಟಿ.ಆರ್.ಇ. ಅದನ್ನು ಕೈಗೆತ್ತಿಕೊಂಡಿತು. ಬೇಕಾದಷ್ಟು ನೂಕುಬಲ ಬರಲಿಲ್ಲ, ತೂಕವೂ ಹೆಚ್ಚಾಯಿತು. 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಲಾಯಿತು. ಕಾರಣಗಳು ಹಲವು. ಎಂಜಿನ್ ಕಟ್ಟುವುದು ಎಂಥ ಜಿಗುಟು ವಿದ್ಯೆ ಎಂಬುದಂತೂ ನಾಡಿಗೆ ತಿಳಿಯಿತು.

ನಷ್ಟ ಎಲ್ಲಿ ಆಗುತ್ತಿದೆಯೆಂದು ಅಳೆಯುವುದು ಹೇಗೆ? ನಂಜನಗೂಡು ಸೇತುವೆಗಿಂತ ಮೂರು ವರ್ಷ ಮೊದಲು, 1732ರಲ್ಲಿ, ಫ್ರಾನ್ಸಿನ ಆನ್ರಿ ಪಿಟೊ ಸೇನ್ ನದಿಗೆ ಬಾಗಿದ ಕೊಳವೆ ಇಳಿಸಿ ನೀರಿನ ವೇಗ ಕಂಡುಹಿಡಿದಿದ್ದ. ಅವನ ಕೊಳವೆಯ ವಂಶದವು ಇಂದಿಗೂ ವಿಮಾನಗಳ ಮೈಮೇಲಿವೆ. ಅಲಗುಗಳ ನಡುವೆ ಮಾತ್ರ ಅದರ ಆಟ ನಡೆಯದು. ಒತ್ತಡ ಸಪೂರ ಕೊಳವೆಯುದ್ದಕ್ಕೂ ಸಾಗಿ ಮಾಪಕ ಮುಟ್ಟುವಷ್ಟರಲ್ಲಿ ಅದೆಷ್ಟೋ ಅಲಗುಗಳು ದಾಟಿರುತ್ತವೆ. ಸಿಗುವುದು ಬರೀ ಸರಾಸರಿ. ತರಗತಿಯ ಸರಾಸರಿ ಅಂಕ ನೋಡಿ ನಪಾಸಾದ ಹುಡುಗನನ್ನು ಹುಡುಕಿದಂತೆ.

ಹಾಗಾಗಿ ಮಾಪಕವನ್ನೇ ತುದಿಗೆ ಒಯ್ದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇ.ಟಿ.ಎಚ್. ಸಂಸ್ಥೆಯವರು ರೂಪಿಸಿದ ಶೋಧಕದ ತುದಿಯ ದಪ್ಪ 1.8 ಮಿಲಿಮೀಟರ್. ಒತ್ತಡ ಬಿದ್ದೊಡನೆ ವಿದ್ಯುತ್ ರೋಧ ಬದಲಿಸುವ ಸಿಲಿಕಾನ್ ಚೂರು ಅದರೊಳಗಿದೆ. ಜೊತೆಗೆ ತೆಳ್ಳನೆಯ ಲೋಹಪದರದಿಂದ ಉಷ್ಣತೆಯನ್ನೂ ಅಷ್ಟೇ ಚುರುಕಾಗಿ ಅಳೆದರೆ ಎಂಟ್ರೊಪಿಯ ಲೆಕ್ಕ ಸಿಗುತ್ತದೆ. ಪಿ.ಯು.ಸಿ. ಮಕ್ಕಳ ನಿದ್ದೆ ಕೆಡಿಸುವ ಎಂಟ್ರೊಪಿ ಇಲ್ಲಿ ನಷ್ಟದ ಜಮಾಖರ್ಚು ಪುಸ್ತಕ. ಅದು ಎಲ್ಲಿ, ಯಾವ ಕ್ಷಣದಲ್ಲಿ ಏರಿದೆಯೆಂದು ತಿಳಿದರೆ ಯಾವ ಅಲಗಿನ ಆಕಾರ ತಿದ್ದಬೇಕೆಂಬುದಕ್ಕೆ ಸುಳಿವು ಸಿಕ್ಕಂತೆ.

ಒಂದು ತೊಡಕಿದೆ. ಹರಿವಿಗೆ ಅಡ್ಡ ನಿಂತ ಶೋಧಕವೂ ಒಂದು ಕಂಬವೇ. ತಾನೂ ಸುಳಿ ಎಬ್ಬಿಸುತ್ತದೆ. ಅದನ್ನು ಇಷ್ಟು ಕಿರಿದಾಗಿ ಮಾಡುವುದು ಅದಕ್ಕೇ. ಉರಿಯುವ ಎಂಜಿನ್ನಿನ ಟರ್ಬೈನಿನ ಬಿಸಿಗೆ ಸಿಲಿಕಾನ್ ಮಾಪಕ ತಾಳುವುದೂ ಇಲ್ಲ. ಆದ್ದರಿಂದ ಇಂಥ ಅಳತೆಗಳು ಹೆಚ್ಚಾಗಿ ನಡೆಯುವುದು ಪ್ರಯೋಗಶಾಲೆಯಲ್ಲಿ, ಅಷ್ಟು ಕಾಯದ ಗಾಳಿಯಿಂದ ತಿರುಗುವ ಮಾದರಿ ಟರ್ಬೈನುಗಳೊಳಗೆ.