ಬಾಗಿಲು ನಮ್ಮದು, ಬೋರ್ಡು ಯಾರದು ಸ್ವಾಮೀ?

"ಅಂಕಲ್, ನಮ್ಮ ಸಂಘವನ್ನು ಯಾರಿಗಾದ್ರೂ ಮಾರಿಬಿಟ್ರಾ?"

ಫೋನಿನಲ್ಲಿ ಹೀಗೆ ಕೇಳಿದ್ದು ಡೊಂಬಿವಲಿಯ ಒಬ್ಬ ಹುಡುಗಿ. ಹನ್ನೆರಡನೇ ಕ್ಲಾಸು ಮುಗಿಸಿ ಈಗಷ್ಟೇ ಡಿಗ್ರಿಗೆ ಸೇರಿದ್ದಾಳೆ. ನಮ್ಮ ಪುಟ್ಟ ಕನ್ನಡ ಸಂಘ ವರ್ಷಕ್ಕೊಮ್ಮೆ ಕೊಡುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ವೆಬ್‌ಸೈಟಿಗೆ ಹೋಗಿದ್ದಾಳೆ. ಲಾಗಿನ್ ಪುಟದ ನೆತ್ತಿಯ ಮೇಲೆ ಸಂಘದ ಹೆಸರೇ ಇಲ್ಲ! ಯಾವುದೋ ಕಂಪನಿಯ ದೊಡ್ಡ ಲೋಗೋ. ಅದರ ಕೆಳಗೆ ಡೊಮೇನ್ ಕೊಳ್ಳಿ, ಇಷ್ಟು ಪರ್ಸೆಂಟ್ ರಿಯಾಯಿತಿ ಎಂಬ ಜಾಹೀರಾತು. ಮೂಲೆಯಲ್ಲಿ "ಸಹಾಯ ಬೇಕೇ?" ಎನ್ನುವ ಗುಂಡಿ. ಹುಡುಗಿ ಬುದ್ಧಿವಂತೆ, ಆ ಗುಂಡಿ ಒತ್ತಿದಳು. ಆ ಕಡೆಯವರು ಬಹಳ ವಿನಯದಿಂದ "ನಿಮ್ಮ ಇಮೇಲ್ ನಮ್ಮ ದಾಖಲೆಯಲ್ಲಿ ಇಲ್ಲ" ಎಂದರಂತೆ. ಇರುವುದಾದರೂ ಹೇಗೆ? ಅವಳು ನಮ್ಮ ಸದಸ್ಯರೊಬ್ಬರ ಮಗಳು, ಅವರ ಗಿರಾಕಿ ಅಲ್ಲವಲ್ಲ. ತನ್ನ ಹೆಸರನ್ನೇ ಸಂಘದವರು ಕಿತ್ತುಹಾಕಿದ್ದಾರೆ ಅಂದುಕೊಂಡು ಎರಡು ದಿನ ಸುಮ್ಮನಿದ್ದಳು. ನನಗೆ ಫೋನ್ ಮಾಡುವ ಹೊತ್ತಿಗೆ ಕೊನೆಯ ದಿನಕ್ಕೆ ಉಳಿದದ್ದು ಒಂದೇ ದಿನ.

ಅರ್ಜಿ ಸೇರಿತು, ಅದಕ್ಕೇನೂ ತೊಂದರೆಯಾಗಲಿಲ್ಲ. ಆದರೆ ಫೋನ್ ಮಾಡದೆ ಸುಮ್ಮನಾದವರು ಎಷ್ಟು ಮಂದಿಯೋ! ನನ್ನ ಸಿಟ್ಟು ಇರುವುದು ಅಲ್ಲಿ.

ನಮ್ಮದು ದೊಡ್ಡ ಸಂಘವಲ್ಲ ಮಾರಾಯ್ರೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಹಾಗೆ ಸ್ವಂತ ಕಟ್ಟಡ, ಸಭಾಗೃಹ ಒಂದೂ ಇಲ್ಲ. ಮೀಟಿಂಗು ಎಂದರೆ ಯಾರದ್ದಾದರೂ ಹೋಟೆಲಿನ ಮೇಲಿನ ರೂಮು. ಅಂಥವರಿಗೆ ವೆಬ್‌ಸೈಟೇ ಕಟ್ಟಡ. ಅದನ್ನು ನೋಡಿಕೊಳ್ಳುವವನು ನಾನು, ಸಂಬಳ ಇಲ್ಲದ ಕೆಲಸ. ಹಳೇ ಹೋಸ್ಟಿಂಗಿನವರು ರಿನ್ಯೂವಲ್ ದರ ಏರಿಸಿದರೆಂದು ಮುಂಬೈಯದಲ್ಲದ ಬೇರೊಂದು ಕಂಪನಿಗೆ ಹೋದೆವು. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ಅದೂ ಒಂದು ಜಾಹೀರಾತು. ಆದರೆ ಒಂದು ಮಾತು ನೆನಪಿಡಿ: ಬಿಟ್ಟಿ ಅಲ್ಲ, ಮೂರು ವರ್ಷದ ದುಡ್ಡನ್ನು ಒಟ್ಟಿಗೇ ಮುಂಗಡ ಕೊಟ್ಟಿದ್ದೇವೆ.

ಬಿಟ್ಟಿಯಾಗಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ನಮ್ಮ ಕಾಲದವರಿಗೆ ಜಿಯೋಸಿಟೀಸ್ ನೆನಪಿರಬಹುದು. ಪುಕ್ಕಟೆ ಜಾಗ ಕೊಡುತ್ತಿದ್ದರು, 1998ರಲ್ಲಿ ಪುಟದ ಮೂಲೆಯಲ್ಲಿ ತಮ್ಮ ಗುರುತೊಂದನ್ನು ತೇಲಿಬಿಟ್ಟರು. ಜನ ಗೊಣಗಿದರು, ಆದರೂ ಬಿಟ್ಟಿ ಊಟಕ್ಕೆ ಕೂತವನು ಎಲೆಯ ಬಣ್ಣ ಕೇಳಬಾರದು. ಕನ್ನಡದಲ್ಲಿ ಬ್ಲಾಗು ಶುರು ಮಾಡಿದವರೆಲ್ಲ ತಲೆಯ ಮೇಲೆ ಬ್ಲಾಗರ್‌ನವರ ಪಟ್ಟಿ ಹೊತ್ತುಕೊಂಡೇ ಬರೆದವರು. ಅದು ಲೆಕ್ಕ ಚುಕ್ತಾ ಆಗಿದ್ದ ವ್ಯವಹಾರ. ದುಡ್ಡು ಎಣಿಸಿ ಕೊಟ್ಟ ಮೇಲೂ ನನ್ನ ಬಾಗಿಲಿಗೆ ನಿನ್ನ ಬೋರ್ಡು ಯಾಕಪ್ಪಾ ಎಂದು ಕೇಳುತ್ತಿದ್ದೇನೆ, ಅಷ್ಟೇ.

ಮುಂಬೈಯಲ್ಲಿ ಖೋಲಿ ಹಿಡಿದು ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಳಿಗೆ ಮಾಲೀಕನ ಅಪ್ಪನ ಹೆಸರೋ ಹೆಂಡತಿಯ ಹೆಸರೋ ಇರುತ್ತದೆ, ಇರಲಿ, ಕಟ್ಟಿಸಿದವನು ಅವನು. ಆದರೆ ಖೋಲಿಯ ಬಾಗಿಲ ಮೇಲಿನ ತಗಡು ಬಾಡಿಗೆದಾರನದು. ಎಂಬತ್ತರ ದಶಕದಲ್ಲಿ ನನ್ನ ಅಪ್ಪ ಮೊದಲ ಸಲ ಕುಂದಾಪುರದಿಂದ ಬಸ್ಸಿನಲ್ಲಿ ಬಂದಾಗ ಅವರಿಗೆ ಮರಾಠಿಯೂ ಬಾರದು, ಹಿಂದಿಯೂ ಬಾರದು. ಒಂದೇ ನಮೂನೆಯ ಮೂವತ್ತು ಬಾಗಿಲುಗಳ ನಡುವೆ ನನ್ನ ಬಾಗಿಲು ಸಿಕ್ಕಿದ್ದು ತಗಡಿನ ಕೆಳಗೆ ನಾನು ಕನ್ನಡದಲ್ಲಿ ಬರೆದಿದ್ದ ಹೆಸರಿನಿಂದ. ಆ ಮೂವತ್ತೂ ಬಾಗಿಲ ಮೇಲೆ ಮಾಲೀಕನ ಹೆಸರೇ ಇದ್ದಿದ್ದರೆ? ಅಪ್ಪ ಯಾರ ಮನೆಗೆ ನುಗ್ಗುತ್ತಿದ್ದರೋ ದೇವರೇ ಬಲ್ಲ.

ಬೋರ್ಡಿನ ವಿಷಯದಲ್ಲಿ ಈ ಊರು ಹಾಗೂ ಸೂಕ್ಷ್ಮ. ಅಂಗಡಿ ಬೋರ್ಡಿನಲ್ಲಿ ಮರಾಠಿ ಇರಬೇಕು, ಅದರ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಾಗಬಾರದು ಎಂದು 2022ರಲ್ಲಿ ಕಾನೂನು ತಿದ್ದಿದರು. ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿ, 2023ರ ಸೆಪ್ಟೆಂಬರ್‌ನಲ್ಲಿ ಎರಡು ತಿಂಗಳ ಗಡುವು ಬಂತು. ನಮ್ಮ ಹೋಟೆಲಿನವರು ಗೊಣಗುತ್ತಲೋ ಗೊಣಗದೆಯೋ ಬೋರ್ಡು ಬದಲಿಸಿದರು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಬೋರ್ಡಿನ ಮೇಲೆ ಯಾರ ಅಕ್ಷರ ಎಷ್ಟು ದೊಡ್ಡದು ಎಂಬುದಕ್ಕೆ ದೇಶದ ದೊಡ್ಡ ಕೋರ್ಟೇ ಕೂತು ಕೇಳಿದ ಮೇಲೆ, ವೆಬ್‌ಸೈಟಿನ ಬಾಗಿಲನ್ನು "ಅಯ್ಯೋ, ಒಂದು ಲೋಗೋ ತಾನೆ" ಎಂದು ತಳ್ಳಿಹಾಕುವುದು ಯಾಕೆ?

ಈಗ ಇದನ್ನು ಹೇಗೆ ಮಾಡುತ್ತಾರೆ ನೋಡಿ. ನಮ್ಮಂಥವರ ಸೈಟುಗಳು ಬಹುಪಾಲು ನಡೆಯುವುದು ವರ್ಡ್‌ಪ್ರೆಸ್ಸಿನ ಮೇಲೆ. ಅದರಲ್ಲಿ ಎಂಯು-ಪ್ಲಗಿನ್ಸ್ ಎಂಬ ಫೋಲ್ಡರ್ ಒಂದಿದೆ. ಕಡ್ಡಾಯ ಪ್ಲಗಿನ್ನುಗಳ ಜಾಗ ಎಂದು ತಿಳಿಯಿರಿ. ಅದರೊಳಗೆ ಇಟ್ಟ ಫೈಲು ಯಾರನ್ನೂ ಕೇಳದೆ ತಾನೇ ಓಡುತ್ತದೆ. ಮಾಮೂಲಿ ಪ್ಲಗಿನ್ನುಗಳಂತೆ ಡ್ಯಾಶ್‌ಬೋರ್ಡಿನಿಂದ ಅದನ್ನು ನಿಲ್ಲಿಸಲು ಬರುವುದಿಲ್ಲ, ಸರ್ವರ್ ಒಳಗೆ ಹೋಗಿ ಫೈಲನ್ನೇ ತೆಗೆಯಬೇಕು. ಪಟ್ಟಿಯಲ್ಲೂ ಬೇರೆ ಮೂಲೆಯಲ್ಲಿ ಕಾಣುವುದರಿಂದ ಯಾರೂ ಅತ್ತ ನೋಡುವುದಿಲ್ಲ. ಕಳ್ಳ ಕೋಡ್ ಬಚ್ಚಿಡುವವರಿಗೂ ಈ ಫೋಲ್ಡರ್ ಮೇಲೆ ಬಲು ಪ್ರೀತಿ, ಇದೇ ಕಾರಣಕ್ಕೆ. ನಮ್ಮ ಹೋಸ್ಟಿಂಗಿನವರು ತಮ್ಮ ಲೋಗೋದ ಫೈಲನ್ನು ಇಟ್ಟಿದ್ದು ಅಲ್ಲೇ. ನಾನು ತೆಗೆದೆ. ಹತ್ತು ದಿನ ಬಿಟ್ಟು ನೋಡಿದರೆ "ಅಪ್‌ಡೇಟ್" ಆಗಿ ಮತ್ತೆ ಬಂದು ಕೂತಿದೆ! ಬಾಗಿಲಿಗೆ ಅಂಟಿಸಿದ ಪೋಸ್ಟರ್ ಹರಿದು ಹಾಕಿದರೆ ರಾತ್ರಿ ಬಂದು ಮತ್ತೆ ಅಂಟಿಸಿ ಹೋದ ಹಾಗೆ.

ವರ್ಡ್‌ಪ್ರೆಸ್ಸಿನದೇ ಲೋಗೋ ಇತ್ತಲ್ಲ, ಅದಕ್ಕೆ ಸುಮ್ಮನಿದ್ದೆಯಾ ಎನ್ನಬಹುದು. ಒಳ್ಳೇ ಪ್ರಶ್ನೆ. ಹೌದು, ಏನೂ ಬದಲಿಸದಿದ್ದರೆ ಲಾಗಿನ್ ಪುಟದಲ್ಲಿ ಅವರ ಲೋಗೋ ಇರುತ್ತದೆ, ಒತ್ತಿದರೆ ಅವರ ಸೈಟಿಗೇ ಹೋಗುತ್ತದೆ. ಆದರೆ ಅದನ್ನು ತೆಗೆದು ನಿಮ್ಮದನ್ನು ಹಾಕುವುದು ಹೇಗೆಂದು ಅವರ ಕೈಪಿಡಿಯಲ್ಲಿ ಅವರೇ ಬರೆದಿಟ್ಟಿದ್ದಾರೆ. ಹತ್ತಿಪ್ಪತ್ತು ಸಾಲಿನ ಕೋಡ್, ನನ್ನಂಥವನಿಗೂ ಬರುತ್ತದೆ. ಸಾಫ್ಟ್‌ವೇರನ್ನು ಪುಕ್ಕಟೆ ಕೊಟ್ಟವನು ನನ್ನ ಹೆಸರು ಅಳಿಸಿಕೋ ಎನ್ನುತ್ತಾನೆ, ಜಾಗ ಬಾಡಿಗೆಗೆ ಕೊಟ್ಟವನು ಅಳಿಸಿದ್ದನ್ನು ಮತ್ತೆ ಬರೆಯುತ್ತಾನೆ!

ಹಾಗಂತ ವರ್ಡ್‌ಪ್ರೆಸ್ಸಿನವರು ಸಾಚಾಗಳು ಎಂದೇನಲ್ಲ. 2024ರಲ್ಲಿ ವರ್ಡ್‌ಪ್ರೆಸ್ಸಿನ ಮ್ಯಾಟ್ ಮುಲ್ಲೆನ್‌ವೆಗ್ ಅವರಿಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಹೆಸರಿನ ಮೇಲೇ ಜಗಳ ಹತ್ತಿತು. ಆ ಅಕ್ಟೋಬರ್‌ನಲ್ಲಿ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಲಾಗಿನ್ ಪುಟದಲ್ಲಿ ಒಂದು ಚೌಕ ಪ್ರತ್ಯಕ್ಷವಾಯಿತು: ನನಗೂ ಡಬ್ಲ್ಯುಪಿ ಎಂಜಿನ್‌ಗೂ ಯಾವ ಸಂಬಂಧವೂ ಇಲ್ಲ ಎಂದು ಟಿಕ್ ಹಾಕಿದರೆ ಮಾತ್ರ ಒಳಗೆ ಪ್ರವೇಶ! ಡಿಸೆಂಬರ್‌ನಲ್ಲಿ ಅಮೆರಿಕದ ಕೋರ್ಟು ಅದನ್ನು ತೆಗೆಯಿರಿ ಎಂದಿತು. ತೆಗೆದು ಹಾಕಿದ್ದೇನು ಗೊತ್ತೇ? ಪಿಜ್ಜಾದ ಮೇಲೆ ಅನಾನಸು ರುಚಿ ಎಂದು ಒಪ್ಪುವ ಇನ್ನೊಂದು ಚೌಕ. ನಗು ಬರುತ್ತದೆ. ಆದರೆ ಬಾಗಿಲು ಯಾರ ಕೈಯಲ್ಲಿದೆಯೋ ಅವರು ಒಳಗೆ ಬರುವವನ ಕೈಲಿ ಏನು ಬೇಕಾದರೂ ಹೇಳಿಸಬಹುದು ಎಂಬುದು ಅಲ್ಲಿ ಕಂಡಿತು.

ಇನ್ನು ಎಲ್ಲಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇನೆ. ನಮ್ಮ ಸದಸ್ಯರಲ್ಲಿ ಅರ್ಧಕ್ಕರ್ಧ ಅರವತ್ತು ದಾಟಿದವರು. ಅವರಿಗೆ ನಾವು ವರ್ಷಗಟ್ಟಲೆ ಕಲಿಸಿದ್ದು ಒಂದೇ ಪಾಠ: ಪಾಸ್‌ವರ್ಡ್ ಹಾಕುವ ಮುಂಚೆ ಮೇಲೆ ಹೆಸರು ನೋಡಿ, ವಿಳಾಸ ನೋಡಿ, ನಮ್ಮದಲ್ಲದಿದ್ದರೆ ಹಾಕಬೇಡಿ. ವಿಳಾಸ ನೋಡುವ ಅಭ್ಯಾಸಕ್ಕಾಗಿಯೇ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಹೋಗಿ ಎಂದು ಹೇಳಿದ್ದು. ಈಗ ಈ ಹೋಸ್ಟಿಂಗಿನವರ ದೆಸೆಯಿಂದ ನಾವು ಹೇಳಬೇಕಾದ ಪಾಠ ಏನು? "ಮೇಲೆ ಬೇರೆ ಹೆಸರು ಇರುತ್ತದೆ, ಪರವಾಗಿಲ್ಲ, ಹಾಕಿ." ಇದನ್ನು ಒಂದು ಸಲ ಕಲಿತವರು ಮುಂದೆ ಎಲ್ಲಿ ಬೇಕಾದರೂ ಹಾಕುತ್ತಾರೆ. ಅವರ ಲೋಗೋ ಲಕ್ಷಾಂತರ ಸೈಟುಗಳ ಬಾಗಿಲಲ್ಲಿ ಒಂದೇ ಥರ ಇರುತ್ತದೆ. ಮೋಸಗಾರನಿಗೆ ನಮ್ಮ ಸಂಘದ ಪುಟವನ್ನು ನಕಲು ಮಾಡುವ ತಾಪತ್ರಯವೇ ಇಲ್ಲ, ಆ ಒಂದು ಪುಟ ನಕಲು ಮಾಡಿದರೆ ಎಲ್ಲರ ಮನೆಗೂ ಕೀಲಿಕೈ ಸಿಕ್ಕಿತು. "ನಿಮ್ಮ ಮೇಲ್ ಬಾಕ್ಸ್ ತುಂಬಿದೆ, ಇಲ್ಲಿ ಲಾಗಿನ್ ಆಗಿ" ಎಂಬ ಮೇಲು ನಿಮಗೂ ಬಂದಿರಬೇಕಲ್ಲ? ಅದು ನಡೆಯುವುದೇ ಹೀಗೆ.

ಇಂಥದ್ದೇನಾದರೂ ಆದರೆ ಹೊಣೆ ಯಾರದು ಗೊತ್ತೇ? ನಮ್ಮದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಎಂಟನೇ ಕಲಮು ಓದಿ. ಜನರ ಮಾಹಿತಿಯನ್ನು ಬೇರೊಬ್ಬರ ಕೈಗೆ ಕೊಟ್ಟು ಕೆಲಸ ಮಾಡಿಸಿದರೂ, ಅವರ ಜೊತೆ ಎಂಥದೇ ಕರಾರು ಇದ್ದರೂ, ಕಾಯ್ದೆ ಪಾಲಿಸುವ ಜವಾಬ್ದಾರಿ ಆ ಮಾಹಿತಿಯನ್ನು ತಮ್ಮ ಕೆಲಸಕ್ಕೆಂದು ಪಡೆದವರದೇ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದು, ಹಂತ ಹಂತವಾಗಿ ಜಾರಿಗೆ ಬರುವ ಹಾಗೆ ಮಾಡಿದ್ದಾರೆ. ಅಂದರೆ ಹೆಸರು ಅವರದು, ಪೆಟ್ಟು ನಮಗೆ. ಮದುವೆ ಮಂಟಪಕ್ಕೆ ಶಾಮಿಯಾನದವನ ಹೆಸರು, ಊಟ ಕೆಟ್ಟರೆ ಬೈಗುಳ ಹೆಣ್ಣಿನ ಅಪ್ಪನಿಗೆ.

ಸಪೋರ್ಟಿನ ಹುಡುಗ ನನಗೆ ಎರಡು ಸಮಾಧಾನ ಹೇಳಿದ. ಒಂದು, ನಮ್ಮ ಲೋಗೋ ಇದ್ದರೆ ಜನರಿಗೆ ನಂಬಿಕೆ ಬರುತ್ತದೆ. ಯಾವ ಜನರಿಗೆ ತಮ್ಮಾ? ಭಾಂಡುಪಿನ ನಮ್ಮ ಹಿರಿಯ ಸದಸ್ಯರಿಗೆ ನಿನ್ನ ಕಂಪನಿಯ ಹೆಸರು ಉಚ್ಚರಿಸಲೂ ಬಾರದು. ಎರಡು, ಹೆಚ್ಚು ದರದ ಪ್ಲಾನಿಗೆ ಬಂದರೆ ತೆಗೆಯುತ್ತೇವೆ. ಇದು ಪ್ರಾಮಾಣಿಕ ಉತ್ತರ, ಮೆಚ್ಚಿದೆ. ಆದರೆ ಮಾರುವಾಗ ಇದನ್ನು ಎಲ್ಲೂ ಹೇಳಿರಲಿಲ್ಲವಲ್ಲ?

ಹೆಸರು ಮರೆಮಾಡಿದರೆ ಧಂದೆ ನಡೆಯುವುದಿಲ್ಲ ಎನ್ನುವವರಿಗೆ ನಮ್ಮ ಊರಿನದೇ ಉದಾಹರಣೆ ಇದೆ. 1998ರಲ್ಲಿ ತುರಾಖಿಯಾ ಸಹೋದರರು ಇಲ್ಲಿ ಶುರು ಮಾಡಿದ ಡೈರೆಕ್ಟಿ ಕಂಪನಿಯ ರಿಸೆಲರ್‌ಕ್ಲಬ್ ನಡೆದದ್ದೇ ತನ್ನ ಹೆಸರು ಹಿಂದೆ ಇಟ್ಟುಕೊಂಡು. ಗಲ್ಲಿ ಗಲ್ಲಿಯ ವೆಬ್ ಡಿಸೈನರುಗಳು ತಮ್ಮದೇ ಹೆಸರಿನಲ್ಲಿ ಮಾರಿಕೊಳ್ಳಲಿ ಎಂದು ಬಿಟ್ಟರು. 2014ರಲ್ಲಿ ಆ ವಹಿವಾಟನ್ನು ಅಮೆರಿಕದ ಎಂಡ್ಯೂರೆನ್ಸ್ ಕಂಪನಿ ದೊಡ್ಡ ದುಡ್ಡು ಕೊಟ್ಟು ಕೊಂಡಿತು. ಹೆಸರು ಕಾಣದ್ದರಿಂದ ಅವರೇನೂ ಉಪವಾಸ ಬೀಳಲಿಲ್ಲ.

ಇಷ್ಟೆಲ್ಲ ಕೂಗಾಡಿದ ಮೇಲೆ ನನ್ನ ಬೆನ್ನನ್ನೂ ಒಮ್ಮೆ ನೋಡಿಕೊಳ್ಳಬೇಕಲ್ಲ. ನೋಡಿಕೊಂಡೆ, ನಾಚಿಕೆಯಾಯಿತು. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಸಣ್ಣ ಪತ್‌ಪೇಢಿಗೆ ಸೈಟು ಮಾಡಿಕೊಟ್ಟಿದ್ದೆ. ನಮ್ಮ ಹೋಟೆಲ್ ಕಾರ್ಮಿಕರು, ಮಾಲೀಕರು ದಿನಾ ಇಷ್ಟಿಷ್ಟು ಕಟ್ಟುವ ಪತ್‌ಪೇಢಿ. ಅದರ ಲಾಗಿನ್ ಪುಟದ ಮೇಲೆ, ಹೋಸ್ಟಿಂಗಿನವರ ಲೋಗೋ ತೆಗೆದು ನಾನು ಹಾಕಿದ್ದು ಯಾರದ್ದು? ನನ್ನದು! ನನ್ನ ಹೆಸರು, ನನ್ನ ಫೋನ್ ನಂಬರು, ಚೆಂದದ ಬಣ್ಣ. ಒಂದು ದಿನ ರಾತ್ರಿ ಹತ್ತಕ್ಕೆ ಒಬ್ಬ ಅಜ್ಜಿಯ ಫೋನು: "ಮಗಾ, ನನ್ನ ಎಫ್‌ಡಿ ಈ ತಿಂಗಳು ಮುಗೀತದೆ, ಬಡ್ಡಿ ಎಷ್ಟಾಯ್ತು ಹೇಳ್ತೀಯಾ?" ನಾನು ನಕ್ಕು, ಅದು ನಾನಲ್ಲ ಅಜ್ಜಿ, ಪೇಢಿಗೆ ಕೇಳಿ ಎಂದೆ. ಫೋನ್ ಇಟ್ಟು ಹೆಂಡತಿಗೆ ಹೇಳಿ ಮತ್ತೂ ನಕ್ಕೆ. ಆ ಅಜ್ಜಿ ತನ್ನ ದುಡ್ಡು ನನ್ನ ಹತ್ತಿರ ಇದೆ ಎಂದು ನಂಬಿದ್ದಳು ಎಂಬುದು ಆಗ ನನ್ನ ತಲೆಗೆ ಹೋಗಲೇ ಇಲ್ಲ. ಪಾಸ್‌ವರ್ಡ್ ಕೇಳಿದ್ದರೆ ಕೊಟ್ಟೇಬಿಡುತ್ತಿದ್ದಳು.

ಆದ್ದರಿಂದ ಸಂಘ, ಪೇಢಿ, ಹೋಟೆಲು ನಡೆಸುವ ಬಂಧುಗಳೇ, ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಸೈಟಿನ ಲಾಗಿನ್ ಪುಟವನ್ನು ಹೊಸ ಸದಸ್ಯನ ಹಾಗೆ ಒಮ್ಮೆ ತೆರೆದು ನೋಡಿ. ಮೇಲೆ ನಿಮ್ಮ ಹೆಸರಿದೆಯೇ? ಲೋಗೋ ಒತ್ತಿದರೆ ನಿಮ್ಮ ಮುಖಪುಟಕ್ಕೇ ಬರುತ್ತದೆಯೇ? ಸಹಾಯದ ಗುಂಡಿಗೆ ಉತ್ತರ ಕೊಡುವವರು ನಿಮ್ಮವರೇ? ಇಲ್ಲವಾದರೆ ಸೈಟು ಮಾಡಿದವನ ಕಿವಿ ಹಿಂಡಿ. ಹೋಸ್ಟಿಂಗಿನವರಿಗೆ ಬರವಣಿಗೆಯಲ್ಲಿ ಕೇಳಿ, ತೆಗೆಯುವುದಿಲ್ಲ ಎಂದರೆ ಅವಧಿ ಮುಗಿದಾಗ ಜಾಗ ಬದಲಿಸಿ. ಹೊಸ ಜಾಗ ಹಿಡಿಯುವಾಗ ಎಷ್ಟು ಜಿಬಿ ಎಂದು ಕೇಳುವ ಮೊದಲು ಬಾಗಿಲಿಗೆ ಯಾರ ಹೆಸರು ಎಂದು ಕೇಳಿ. ನಾವು ಈಗಿನವರ ಹತ್ತಿರ ಮೂರು ವರ್ಷಕ್ಕೆ ಸಿಕ್ಕಿಹಾಕಿಕೊಂಡಿದ್ದೇವೆ. ಅಲ್ಲಿಯ ತನಕ ಪ್ರತಿ ಸೋಮವಾರ ಬೆಳಿಗ್ಗೆ ಲೋಕಲ್ ಹತ್ತುವ ಮುಂಚೆ ಆ ಫೈಲನ್ನು ಅಳಿಸುವುದು ನನ್ನ ನಿತ್ಯಪೂಜೆ.

ಮೊನ್ನೆ ಪತ್‌ಪೇಢಿಯ ಚೇರ್ಮನ್ನರಿಗೆ ಫೋನ್ ಮಾಡಿ, ನಿಮ್ಮ ಲಾಗಿನ್ ಪುಟದಿಂದ ನನ್ನ ಹೆಸರು, ನಂಬರು ತೆಗೆದಿದ್ದೇನೆ, ಇಷ್ಟು ವರ್ಷ ಇಟ್ಟದ್ದು ತಪ್ಪಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಹಾಗಾದ್ರೆ ಇಷ್ಟು ವರ್ಷದ ಜಾಹೀರಾತಿನ ಬಾಡಿಗೆ ಯಾವಾಗ ಕೊಡ್ತೀರಿ ಮಾರಾಯ್ರೆ?"